ಮಾವ ಕಾಲಿಡದ ಮನೆ

ನಾನು ಆಗ ನಿಮಗಿಂತಲೂ ಚಿಕ್ಕವಳು, ಮಕ್ಕಳೇ. ಜಮಖಂಡಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ ನಮ್ಮೂರು. ಒಂದು ಮಳೆಗಾಲ ಹೊಳೆ ಊರೊಳಗೇ ಬಂತು. ನಮ್ಮ ಮಣ್ಣಿನ ಮನೆ ನೆನೆದು ಕುಸಿದುಬಿತ್ತು. ಆಮೇಲೆ ಅಪ್ಪ, ಅವ್ವ, ಅಕ್ಕ, ನಾನು ಸಾಲೆಯ ಹಿಂದಿನ ಬಯಲಲ್ಲಿ ತಗಡಿನ ಶೆಡ್ಡಿಗೆ ಹೋದೆವು. ಬೇಸಿಗೆಯಲ್ಲಿ ಆ ತಗಡು ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅವ್ವನ ಅಣ್ಣ, ಅಂದರೆ ನಮ್ಮ ಮಾವ, ತೇರದಾಳದಲ್ಲಿದ್ದ. ಅವನ ಮಗನಿಗೇ ಅಕ್ಕನನ್ನು ಕೊಡುವುದೆಂದು ಮಾತಾಗಿತ್ತು. ನಾವು ಶೆಡ್ಡಿನಲ್ಲಿದ್ದಷ್ಟು ಕಾಲ ಮಾವ ಒಮ್ಮೆಯೂ ನಮ್ಮ ಕಡೆ ಹಾಯಲಿಲ್ಲ.

ಬಂದವರು ಬೇರೆಯವರು. ಬಡವರಿಗೆ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟಿಕೊಡುವ ಒಂದು ಕ್ರೈಸ್ತ ಸಂಸ್ಥೆಯವರು. ಅವರಲ್ಲಿ ಹಿರಿಯರೊಬ್ಬರನ್ನು ಎಲ್ಲರೂ ಅಣ್ಣಾರು ಎನ್ನುತ್ತಿದ್ದರು. ತಲೆಗೆ ಟವೆಲ್ ಸುತ್ತಿಕೊಂಡು ಅವರೇ ಸಿಮೆಂಟ್ ಕಲಸುತ್ತಿದ್ದರು. ದೂರದ ಊರುಗಳ ಕಾಲೇಜು ಹುಡುಗ ಹುಡುಗಿಯರು ರಜೆಯಲ್ಲಿ ಬಂದು ಅವರ ಜೊತೆ ಸಂಬಳವಿಲ್ಲದೆ ದುಡಿಯುತ್ತಿದ್ದರು. ಅವರದು ಒಂದೇ ಕರಾರು: ಮನೆ ಯಾರಿಗೋ ಅವರೂ ಕೈ ಹಚ್ಚಬೇಕು. ಅಪ್ಪ ಪಾಯ ತೋಡಿದ. ಅವ್ವ ನೀರು ಹೊತ್ತಳು. ಅಕ್ಕ ಮಾತ್ರ ಇಟ್ಟಂಗಿ ಇಟ್ಟು ಗೋಡೆ ಕಟ್ಟುವುದನ್ನೇ ಕಲಿತುಬಿಟ್ಟಳು. ಅಡುಗೆಮನೆಯ ಗೋಡೆ ಪೂರ್ತಿ ಅವಳದೇ. ಸಂಜೆ ಅವಳ ಮಗ್ಗುಲಲ್ಲಿ ಮಲಗಿದರೆ ಹಸಿ ಸಿಮೆಂಟಿನ ವಾಸನೆ. ಅವಳ ಬೆರಳುಗಳು ಬಿರಿದು ರಕ್ತ ಜಿನುಗುತ್ತಿತ್ತು. ಅವ್ವ ಕೊಬ್ಬರಿ ಎಣ್ಣೆ ಸವರುತ್ತ, "ಲಗ್ನದಾಗ ಈ ಕೈಗೆ ಮದರಂಗಿ ಹೆಂಗ ಏರತೈತೋ ಏನೋ" ಎಂದು ಗೊಣಗಿದರೆ ಅಕ್ಕ ನಗುತ್ತಿದ್ದಳು.

ಮನೆ ಹೊಕ್ಕ ದಿನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹೊಸ ಸುಣ್ಣದ ವಾಸನೆ, ಬಾಗಿಲಿಗೆ ಹಸಿರು ತೋರಣ, ಒಳಗೆ ಬೆಲ್ಲದ ಹೂರಣದ ಘಮ. ಅವ್ವ ಗೋಡೆಯ ಮಾಡದಲ್ಲಿ ನಮ್ಮ ಮನೆದೇವರನ್ನಿಟ್ಟು ದೀಪ ಹಚ್ಚಿದಳು. ಊರವರು ಊಟಕ್ಕೆ ಬಂದು ಅಂಗಳದ ತುಂಬ ಕೂತಿದ್ದರು. ಆಗ ಅಣ್ಣಾರು ಅಪ್ಪನನ್ನು ಕೇಳಿದರು, "ನಾನೂ ಒಂದು ಪ್ರಾರ್ಥನೆ ಮಾಡಲೇನ್ರಿ? ನಿಮಗ ಬ್ಯಾಡ ಅನಿಸಿದ್ರ ಬ್ಯಾಡ."

"ಮಾಡ್ರಿ, ಅದರಾಗೇನೈತಿ," ಎಂದ ಅಪ್ಪ.

ಅಣ್ಣಾರು ಕಣ್ಣು ಮುಚ್ಚಿ, ಈ ಮನೆಗೆ ನೀರಿನ ಭಯ ಬಾರದಿರಲಿ, ಹುಡುಗಿಯ ಲಗ್ನ ಚೆಂದಾಗಿ ಆಗಲಿ ಎಂದು ಬೇಡಿಕೊಂಡರು. ಅದೇ ಹೊತ್ತಿಗೆ ಮಾವ ಬಸ್ಸಿಳಿದು ಅಂಗಳಕ್ಕೆ ಬಂದ. ಅವನು ಚಪ್ಪಲಿ ಬಿಡಲಿಲ್ಲ. ಹೊಸ್ತಿಲ ಹೊರಗೇ ನಿಂತು, "ಮನಿ ಸಲುವಾಗಿ ದೇವರನ್ನ ಬಿಟ್ರೇನು?" ಎಂದ.

"ಯಾರೂ ನಮ್ಮ ದೇವರ ಸುದ್ದಿಗೆ ಬಂದಿಲ್ರಿ," ಅಪ್ಪ ಕೈಮುಗಿದ. "ಒಳಗ ಬಂದು ನೋಡ್ರಿ, ಮಾಡದಾಗ ದೀಪ ಉರಿಯಾಕತ್ತೈತಿ."

ಮಾವ ಇಣುಕಿಯೂ ನೋಡಲಿಲ್ಲ. "ಮಂದಿ ಏನಂತಾರ ಗೊತ್ತೈತೇನು? ಈ ಮನಿ ತಿರುಗಿ ಕೊಡ್ರಿ. ಇಲ್ಲಾಂದ್ರ ಲಗ್ನ ಮುರೀತು ಅಂತ ತಿಳ್ಕೋರಿ."

ಅವ್ವ ಹೂರಣದ ಕೈಯಲ್ಲೇ ಹೊರಗೆ ಬಂದಳು. "ಅಣ್ಣಾ, ನಾವು ತಗಡಿನ್ಯಾಗ ಬೇಯುವಾಗ ಎಲ್ಲಿದ್ದರೋ ಆ ಮಂದಿ? ನೀ ಆದ್ರೂ ತಂಗಿ ಬದುಕ್ಯಾಳೋ ಇಲ್ಲೋ ಅಂತ ನೋಡಾಕ ಬಂದ್ಯೇನು?"

ಆ ಮಾತಿಗೆ ಮಾವನ ಸಿಟ್ಟು ಇನ್ನಷ್ಟು ಏರಿತು. ಅಪ್ಪನಿಗೆ ದಿಗಿಲಾಯಿತು. ಅಣ್ಣಾರ ಕಡೆ ತಿರುಗಿ, "ಬ್ಯಾರೆ ಯಾರಿಗರ ಕೊಟ್ಟುಬಿಡ್ರಿ ಇದನ್ನ," ಎಂದುಬಿಟ್ಟ. ಅಣ್ಣಾರ ಮುಖ ಸಣ್ಣದಾಯಿತು. "ನನ್ನಿಂದ ಹಿಂಗಾತು. ತಪ್ಪಾತ್ರಿ," ಎಂದು ಅವರು ಮಾವನಿಗೂ ಕೈಮುಗಿದರು. ಮಾವ ಮುಖ ತಿರುವಿದ.

ಆಗ ಅಕ್ಕ ಹೊಸ್ತಿಲಿಗೆ ಬಂದು ನಿಂತಳು. ಲಗ್ನದ ಮಾತಾದಾಗಿನಿಂದ ಮಾವನ ಎದುರು ತಲೆಯೆತ್ತದವಳು.

"ಅಪ್ಪಾ, ಅವ್ವನ್ನ ಮತ್ತ ತಗಡಿನ್ಯಾಗ ಕೂಡಸ್ತೀಯೇನು? ನಾ ಕಟ್ಟಿದ ಮನಿ ಇದು. ನಾ ಬಿಡಂಗಿಲ್ಲ. ಮಾವಾರ, ನೀವು ಹೋಗಿ ಬರ್ರಿ."

ಅಪ್ಪ ಅವಳ ಪಕ್ಕಕ್ಕೆ ಬಂದು ನಿಂತ. ಮಾವ ಬಂದ ಕಾಲಲ್ಲೇ ಹೊರಟುಹೋದ. ಅವನ ಹಿಂದೆಯೇ ಊರವರೂ ಒಬ್ಬೊಬ್ಬರಾಗಿ ಎದ್ದರು. ದನಕ್ಕೆ ನೀರು ತೋರಿಸಬೇಕು ಎಂದರು ಕೆಲವರು. ಹಾಸಿದ ಎಲೆಗಳು ಗಾಳಿಗೆ ಮಗುಚಿಕೊಂಡವು. ಊಟಕ್ಕೆ ಉಳಿದವರು ಅಣ್ಣಾರು, ಆ ಕಾಲೇಜು ಮಕ್ಕಳಷ್ಟೇ. ಆ ಮಕ್ಕಳಿಗೆ ನಮ್ಮ ಕಡೆಯ ಮಾತು ಪೂರ್ತಿ ತಿಳಿಯುತ್ತಿರಲಿಲ್ಲ, ಆದರೂ ತಲೆಯೆತ್ತದೆ ಉಂಡರು. ಅಕ್ಕ ಒಬ್ಬೊಬ್ಬರ ಹೋಳಿಗೆಗೂ ತುಪ್ಪ ಹಾಕಿದಳು. ಎಲ್ಲರ ಊಟವಾದ ಮೇಲೆ ಹಿತ್ತಲಿಗೆ ಹೋಗಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಊರಲ್ಲಿ ಇನ್ನೂ ಹಲವರಿಗೆ ಮನೆ ಕಟ್ಟಬೇಕಿತ್ತು. ಮಂದಿಯ ಬಾಯಿಗೆ ಹೆದರಿ ಅವರೆಲ್ಲ ಬೇಡವೆಂದರು, ತಗಡಿನ ಕೆಳಗೇ ಉಳಿದರು. ಅಣ್ಣಾರು ಮತ್ತೆ ಬರಲಿಲ್ಲ. ಅಕ್ಕನನ್ನು ನೋಡಲು ಬಂದವರಿಗೆಲ್ಲ ಯಾರೋ ದಾರಿಯಲ್ಲೇ ಚಾಡಿ ಹೇಳಿ ತಿರುಗಿಸುತ್ತಿದ್ದರು. ಕೊನೆಗೆ ಹೆಂಡತಿ ಸತ್ತಿದ್ದ, ಅವಳಿಗಿಂತ ಬಹಳ ದೊಡ್ಡವನೊಬ್ಬನಿಗೆ ಅವಳನ್ನು ಕೊಟ್ಟರು. ಗಂಡನ ಮನೆಯಲ್ಲಿ ಅವಳು ಬಾಯಿತುಂಬ ನಕ್ಕಿದ್ದನ್ನು ನಾನು ಕಾಣೆ. ನಿಮ್ಮೆದುರು ಸುಳ್ಳು ಯಾಕೆ ಹೇಳಲಿ ಮಕ್ಕಳೇ, ಮಾವನ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಈಗ ನಾಗರ ಪಂಚಮಿ ಬಂತೆಂದರೆ ನಿಮ್ಮ ಮಾವ, ನನ್ನ ಮಗ, ಕಾರು ತೆಗೆದುಕೊಂಡು ನಿಮ್ಮನ್ನೂ ನಿಮ್ಮ ಅವ್ವನನ್ನೂ ತವರಿಗೆ ಕರೆತರುತ್ತಾನೆ. ಅವನು ಒಂದು ದಿನ ತಡ ಮಾಡಿದರೆ ನಿಮ್ಮ ಅವ್ವ ಫೋನಿನಲ್ಲೇ ಜಗಳ ತೆಗೆಯುತ್ತಾಳೆ. ಜೋಕಾಲಿಗೆ ಓಣಿಯ ಮಕ್ಕಳೆಲ್ಲ ಸೇರುತ್ತಾರೆ, ಯಾರು ಯಾವ ದೇವರಿಗೆ ನಡೆದುಕೊಳ್ಳುವವರೆಂದು ಕೇಳದೆ ನೀವೆಲ್ಲ ಉಂಡಿ ಹಂಚಿ ತಿನ್ನುತ್ತೀರಿ. ನೋಡಲು ಸಂತೋಷವೇ. ನಮ್ಮ ಅವ್ವ ಮಾತ್ರ, ಬದುಕಿದ್ದಷ್ಟು ದಿನವೂ, ಪ್ರತಿ ಪಂಚಮಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ಕೂರುತ್ತಿದ್ದಳು. ತೇರದಾಳದ ಕೊನೆಯ ಬಸ್ಸು ಹೋದ ಮೇಲೆ ಎದ್ದು ಒಳಗೆ ಬಂದು, ಸೀರೆ ಬದಲಿಸಿ ಒಲೆ ಹಚ್ಚುತ್ತಿದ್ದಳು. "ಯಾರ ದಾರಿ ನೋಡಾಕತ್ತಿದ್ದಿಬೇ?" ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.