ರವೆ ತುಂಬಿಸಿದ ತೋಟೆಗಳು

ನನ್ನ ತವರು ಕೊಡಗು ಎಂದ ಕೂಡಲೇ ಮಸ್ಕತ್ತಿನ ಕನ್ನಡದವರು ಕಾಫಿಪುಡಿ ಕೇಳುತ್ತಾರೆ. ನಮ್ಮ ಮನೆ ಮಾಲೀಕರು ಮಾತ್ರ ಕೋವಿಯ ವಿಷಯ ಕೇಳಿದರು. ಅದಕ್ಕೆ ಕಾರಣ ನಮ್ಮ ಯಜಮಾನರು. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ ಬೆಳೆದ ಈ ಮಹಾನುಭಾವರು ಸುರುಸುರುಬತ್ತಿಯನ್ನೂ ಮುಖ ತಿರುಗಿಸಿಕೊಂಡೇ ಹಿಡಿಯುವವರು. ಅಂಥವರು ಒಂದು ಸಂಜೆ ಕೆಳಗಿನ ಮನೆಯಲ್ಲಿ ಮಾಲೀಕರ ಜೊತೆ ಖರ್ಜೂರ ತಿನ್ನುತ್ತಾ, ತಮ್ಮ ಹೆಂಡತಿಯ ತವರಿನಲ್ಲಿ ಕೋವಿಯ ತೋಟೆಗಳನ್ನು ಮನೆಯಲ್ಲೇ ತುಂಬಿಸುತ್ತಿದ್ದರು ಎಂದು ಕೊಚ್ಚಿಕೊಂಡು ಬಂದಿದ್ದರು. ನನ್ನೆದುರು ಒಮ್ಮೆಯೂ ನನ್ನ ತವರನ್ನು ಹೊಗಳದ ಮನುಷ್ಯ ಬೆನ್ನ ಹಿಂದೆ ಹೊಗಳಿದರೆ ಆಗುವುದು ಹೀಗೇ.

ಮಸ್ಕತ್ತಿನ ಅಲ್ ಖೌದ್ ಬಡಾವಣೆಯಲ್ಲಿ ನಾವು ಮಹಡಿಯ ಮೇಲೆ, ಮಾಲೀಕರು ಕೆಳಗೆ. ಹೆಂಡತಿ ತೀರಿಕೊಂಡ ಮೇಲೆ ಅವರೂ ಮಗಳೂ ಇಬ್ಬರೇ. ಹರೆಯದಲ್ಲಿ ಮುಂಬೈ ಕಡೆಯ ವ್ಯಾಪಾರದಲ್ಲಿ ಕಲಿತ ಹಿಂದಿ ಅವರಿಗೆ ಇನ್ನೂ ಬಾಯಲ್ಲಿತ್ತು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು. ಮಗಳು ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿದ್ದಳು. ಮದುವೆ ಗೊತ್ತಾಗಿತ್ತು, ಗಂಡಿನ ಮನೆ ಸಲಾಲಾ. ಅಂದರೆ ಒಂದಿಡೀ ದಿನ ಮರಳುಗಾಡಿನಲ್ಲಿ ಕಾರು ಓಡಿಸಿದರೆ ಸಿಗುವ ಊರು.

ಚಾಚಾ ಮೇಲೆ ಬಂದು ವಿಷಯ ಹೇಳಿದರು. ಬೆಟ್ಟದ ಮೇಲಿನ ಅವರ ಹಳ್ಳಿಯಲ್ಲಿ ಮದುವೆಗೆ ಮುಂಚಿನ ದಿನ ಗಂಡಸರೆಲ್ಲ ಸೇರಿ ಎದುರು ಗುಡ್ಡದ ಬಿಳಿ ಕಲ್ಲಿಗೆ ಗುರಿ ಇಟ್ಟು ಹೊಡೆಯುತ್ತಾರೆ. ಮೊದಲ ಗುಂಡು ಹುಡುಗಿಯ ಅಪ್ಪನದು. ಅಜ್ಜನ ಕಾಲದ ಬಂದೂಕಿದೆ, ಪರವಾನಗಿಯಿದೆ, ಪೊಲೀಸರ ಒಪ್ಪಿಗೆಯೂ ಸಿಕ್ಕಿದೆ. ಆದರೆ ಆ ಮುದಿ ಬಂದೂಕಿಗೆ ಹೊಂದುವ ತೋಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಹಳೆಯದನ್ನೇ ಮತ್ತೆ ತುಂಬಿಸಬೇಕು. ಇಷ್ಟು ವರ್ಷ ಅಣ್ಣ ತುಂಬಿಸುತ್ತಿದ್ದ, ತಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಈಗ ಅಣ್ಣ ಇಲ್ಲ. ತುಂಬಿಸುವವನೊಬ್ಬ, ನೋಡುವವನೊಬ್ಬ ಇರಲೇಬೇಕು ಎನ್ನುವುದು ನಮ್ಮ ಪದ್ಧತಿ, ನೀನು ಬಂದು ಕೂರುತ್ತೀಯಾ ಎಂದರು.

ನನಗೆ ಆಶ್ಚರ್ಯವಾಯಿತು. ನಮ್ಮ ಮನೆಯಲ್ಲೂ ಅದೇ ಪದ್ಧತಿ. ಕೈಲ್ಪೊಳ್ದ್ ಎಂದರೆ ನಮ್ಮ ಕಡೆಯ ಆಯುಧಪೂಜೆ. ಆ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇರುತ್ತದಲ್ಲ, ಅದರ ಮುನ್ನಾದಿನ ಅಪ್ಪ ತೋಟೆ ತುಂಬಿಸಲು ಕೂತರೆ ಚಿಕ್ಕಪ್ಪ ನೋಡಲು ಕೂರಬೇಕು. ಅಪ್ಪನ ಬಾಯಲ್ಲಿ ಬೀಡಿ ಇರಕೂಡದು, ಕೋಣೆಯಲ್ಲಿ ಒಲೆ ಉರಿಯಕೂಡದು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ. ಖಾಲಿ ತೋಟೆ ತಲೆಕೆಳಗಾಗಿ ನಿಲ್ಲಬೇಕು, ತುಂಬಿದ್ದು ಬೇರೆ ತಟ್ಟೆಗೆ ಹೋಗಬೇಕು. ಒಂದೊಂದರೊಳಗೂ ಚಿಕ್ಕಪ್ಪ ಬೆಳಕು ಬಿಟ್ಟು ಇಣುಕಿ ಹೂಂ ಎಂದ ಮೇಲೇ ಮುಚ್ಚುವುದು. ನಡುವೆ ಅಮ್ಮ ಕಾಫಿಗೆ ಕರೆದಳೋ, ಕೈಯಲ್ಲಿದ್ದದ್ದನ್ನು ಬಗ್ಗಿಸಿ ಮೊದಲಿನಿಂದ ಶುರು. ಪೂಜೆಗಾದರೂ ಅಪ್ಪ ಅಷ್ಟು ಮಡಿ ಮಾಡುತ್ತಿರಲಿಲ್ಲ.

ಆದರೆ ನಾನು ವೀಸಾದ ಮೇಲೆ ಬಂದವಳು. ಪರದೇಶದಲ್ಲಿ ಮದ್ದುಗುಂಡು ಮುಟ್ಟಿ ಮರುದಿನದ ವಿಮಾನ ಹತ್ತುವ ಆಸೆ ನನಗಿರಲಿಲ್ಲ. ಮದ್ದಿರುವ ಕೋಣೆಗೆ ಕಾಲಿಡುವುದಿಲ್ಲ ಎಂದೆ. ಬೇಕಾದರೆ ಬರೀ ಖಾಲಿ ತೋಟೆ ತನ್ನಿ, ರವೆ ತುಂಬಿಸಿ ಕೈ ಪಳಗಿಸಿಕೊಳ್ಳಿ, ನಾನು ನೋಡುತ್ತೇನೆ ಎಂದೆ. ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಖರ್ಜೂರದ ಡಬ್ಬಿಯಲ್ಲಿ ಹಿತ್ತಾಳೆಯ ಖಾಲಿ ತೋಟೆಗಳನ್ನು ಹಾಕಿಕೊಂಡು ಬಂದೂಬಿಟ್ಟರು.

ಊಟದ ಮೇಜು ಖಾಲಿ ಮಾಡಿಸಿದೆ. ಫೋನುಗಳನ್ನು ಮಲಗುವ ಕೋಣೆಗೆ ಅಟ್ಟಿದೆ, ಯಜಮಾನರನ್ನೂ ಅಲ್ಲಿಗೇ ಅಟ್ಟಿದೆ. ಉಪ್ಪಿಟ್ಟಿಗೆ ಸ್ವಲ್ಪ ರವೆ ಉಳಿಸು ಎಂದು ಅವರು ಒಳಗಿನಿಂದಲೇ ಕೂಗಿದರು. ಚಾಚಾ ಪುಟ್ಟ ಹಿತ್ತಾಳೆ ಅಳತೆಯಲ್ಲಿ ಚಿರೋಟಿ ರವೆ ತೆಗೆದು ತುಂಬತೊಡಗಿದರು. ಕೈ ನಡುಗಲಿಲ್ಲ, ಕೂತ ಗತ್ತೂ ಚೆನ್ನಾಗಿತ್ತು. ಮುಗಿದ ಮೇಲೆ ಒಂದೊಂದನ್ನೇ ತಟ್ಟೆಗೆ ಬಗ್ಗಿಸಿದೆ. ಒಂದರಿಂದ ಎರಡು ಅಳತೆ ರವೆ ಬಿತ್ತು. ಇನ್ನೊಂದರಿಂದ ಏನೂ ಬೀಳಲಿಲ್ಲ.

ಮಾತಿನಲ್ಲಿ ಮೈಮರೆತೆ ಎಂದರು ಚಾಚಾ. ನಾವು ಮಾತೇ ಆಡಿರಲಿಲ್ಲ. ಮತ್ತೊಮ್ಮೆ ತುಂಬಿಸಿದರು, ಮತ್ತೆ ಅದೇ ಕತೆ. ಆಗ ನಾನು ಅವರ ಕೈಯನ್ನಲ್ಲ, ಮುಖವನ್ನು ನೋಡಿದೆ. ತೋಟೆಯ ಬಾಯಿ ಎಲ್ಲಿದೆ ಎಂದು ಬೆರಳಿನಿಂದ ತಡವುತ್ತಿದ್ದರು. ಕಣ್ಣು ಮೇಜಿನ ಮೇಲೆ ಎಲ್ಲೋ ಇತ್ತು.

ನನಗೆ ಮೂಗಿನ ತುದಿಯಲ್ಲೇ ಕೋಪ. ಹಿರಿಯರು ಎನ್ನುವುದನ್ನೂ ಮರೆತು ಬೈದೆ. ಎರಡಳತೆ ಬಿದ್ದರೆ ಬಂದೂಕು ಮುಖದ ಮುಂದೆಯೇ ಸಿಡಿಯುತ್ತದೆ, ಮದ್ದೇ ಬೀಳದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು ಮುಂದಿನ ಗುಂಡಿಗೆ ಸಿಡಿಯುತ್ತದೆ, ಇದೇನು ಹುಡುಗಾಟವೇ ಎಂದೆ. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದರೆ ಮಗಳ ಮದುವೆ ಯಾರು ಮಾಡುತ್ತಾರೆ ಎಂದೂ ಕೇಳಿದೆ. ಚಾಚಾ ಬೆರಳಿಗೆ ಅಂಟಿದ ರವೆ ಉದುರಿಸಿಕೊಂಡರು.

"ಮಗಳಿಗೆ ಹೇಳಬೇಡ ಬೇಟಿ," ಎಂದರು. "ಕಣ್ಣು ಮಂಜಾಗಿದೆ ಅಂತ ಗೊತ್ತಾದರೆ ಅವಳು ನನ್ನ ಬಿಟ್ಟು ಸಲಾಲಾಕ್ಕೆ ಹೋಗೋದಿಲ್ಲ."

ನನ್ನ ಕೋಪವೆಲ್ಲ ಜರ್ರನೆ ಇಳಿದುಹೋಯಿತು. ಹೇಳುವುದಿಲ್ಲ, ಆದರೆ ನೀವು ಒಬ್ಬರೇ ಮದ್ದು ಮುಟ್ಟಕೂಡದು ಎಂದೆ. ಅವರು ಡಬ್ಬಿ ಎತ್ತಿಕೊಂಡು ಇಳಿದುಹೋದರು. ಆಮೇಲೆ ಕೆಳಗಿನಿಂದ ವಾರವಾರ ಬರುತ್ತಿದ್ದ ಹಲ್ವಾ ನಿಂತಿತು. ಮನೆ ಖಾಲಿ ಮಾಡಿಸಿದರೆ ಎಲ್ಲಿಗೆ ಹೋಗುವುದು ಎಂದು ಯಜಮಾನರು ಅಲ್ ಹೈಲ್‌ನ ಬಾಡಿಗೆ ಮನೆಗಳನ್ನು ಫೋನಿನಲ್ಲಿ ನೋಡತೊಡಗಿದರು. ನನಗೆ ಇದ್ದ ಭಯ ಬೇರೆ. ಈ ಮನುಷ್ಯ ಹಟಕ್ಕೆ ಬಿದ್ದು ಒಬ್ಬರೇ ಬಾಗಿಲು ಹಾಕಿಕೊಂಡು ಕೂತರೆ? ಕೆಳಗೆ ಪಾತ್ರೆ ಬಿದ್ದರೂ ಮೆಟ್ಟಿಲ ಬಳಿಗೆ ಓಡುತ್ತಿದ್ದೆ.

ಶುಕ್ರವಾರ ತಡೆಯಲಾಗದೆ ಕಡುಬು ಮಾಡಿ, ಅದೇ ನೆಪದಲ್ಲಿ ಕೆಳಗೆ ಹೋದೆ. ಬಾಗಿಲು ತೆಗೆದವಳು ಮಗಳು. ಒಳಗೆ ಮೇಜಿನ ಮುಂದೆ ಕೂತಿದ್ದ ಚಾಚಾ, ಮಗಳಿಗೆ ಮನೆತನದ ವಿದ್ಯೆ ಕಲಿಸುತ್ತಿದ್ದೇನೆ, ತುಂಬಿಸುವುದು ಅವಳು, ನೋಡುವುದು ನಾನು ಎಂದು ಗತ್ತಿನಿಂದ ಹೇಳಿದರು. ಮೇಜಿನ ಮೇಲೆ ಟಾರ್ಚೂ ಇತ್ತು. ನೋಡುವವರ ಕಣ್ಣಿನ ಗತಿ ನನಗೆ ಗೊತ್ತು, ನಾನೇನು ಹೇಳಲಿ. ಹೊಸ್ತಿಲಲ್ಲೇ ನಿಂತು ಕಡುಬು ಕೊಟ್ಟೆ.

ಮಗಳು ನನ್ನನ್ನು ಮೆಟ್ಟಿಲವರೆಗೆ ಬಿಡಲು ಬಂದಳು. ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡಿದಳು. ಪ್ರತಿ ತೋಟೆಯನ್ನೂ ತಾನೇ ತುಂಬಿ, ತಾನೇ ಎರಡೆರಡು ಸಲ ಇಣುಕುತ್ತಿದ್ದೇನೆ, ಹೆದರಬೇಡಿ ಎಂದಳು. ಅಪ್ಪ ಕಾವಾ ಕಾಫಿಯನ್ನು ಬಟ್ಟಲಿನ ಹೊರಗೆ ಸುರಿಯತೊಡಗಿದಾಗಲೇ ಕಣ್ಣಿನ ವಿಷಯ ಗೊತ್ತಾಗಿತ್ತಂತೆ. ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದು ಡಾಕ್ಟರನ್ನೂ ಕೇಳಿ ಇಟ್ಟುಕೊಂಡಿದ್ದಳು.

"ಅವರೇ ಬಾಯಿಬಿಟ್ಟು ಹೇಳಲಿ ಅಂತ ಕಾಯ್ತಿದ್ದೀನಿ ಆಂಟಿ," ಎಂದಳು. "ಎದುರಿಗೆ ಇರೋವಾಗಲೇ ಇದನ್ನ ಹೇಳದವರು, ನಾನು ಸಲಾಲಾದಲ್ಲಿದ್ದಾಗ ಬಿದ್ದು ಕಾಲು ಮುರ್ಕೊಂಡ್ರೂ ಫೋನಲ್ಲಿ ಹೇಳ್ತಾರಾ? ಹೇಳದಿದ್ರೆ ನಾನು ಹೋಗಲ್ಲ. ಮದುವೆ ಆಗ್ತೀನಿ, ಇಲ್ಲೇ ಇರ್ತೀನಿ."

ಹೇಳಿದರೆ ಮಗಳು ಹೋಗುವುದಿಲ್ಲವೆಂದು ಅಪ್ಪ. ಹೇಳದಿದ್ದರೆ ಹೋಗುವುದಿಲ್ಲವೆಂದು ಮಗಳು. ನಡುವೆ ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುವವಳು ನಾನು. ಅತ್ತ ದರಿ, ಇತ್ತ ಪುಲಿ. ಯಜಮಾನರಿಗೆ ಹೇಳೋಣವೆಂದರೆ ಅವರ ಬಾಯಿಗೆ ಬೀಗವಿಲ್ಲ.

ಮದುವೆಗೆ ನಾವೂ ಹಳ್ಳಿಗೆ ಹೋದೆವು. ಮುಂಚಿನ ದಿನ ಬೆಳಗ್ಗೆ ಒಣ ಹಳ್ಳದ ಈಚೆ ದಡದಲ್ಲಿ ಗಂಡಸರೆಲ್ಲ ಸಾಲಾಗಿ ನಿಂತಿದ್ದರು, ನಾವು ಹೆಂಗಸರು ಹಿಂದಿನ ಗೋಡೆಯ ಬಳಿ. ಎದುರು ಗುಡ್ಡದಲ್ಲಿ ಬಿಳಿ ಕಲ್ಲು. ಆಚೆ ಯಾರೂ ಇಲ್ಲವೆಂದು ಇಬ್ಬರು ಹೋಗಿ ನೋಡಿಕೊಂಡು ಬಂದರು. ಯಜಮಾನರು ಆಗಲೇ ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದರು.

ಚಾಚಾ ಬಂದೂಕು ಹಿಡಿದು ಮುಂದೆ ಬಂದರು. ಗುಡ್ಡದ ಕಡೆ ನೋಡಿದರು, ತುಂಬಾ ಹೊತ್ತು ನೋಡಿದರು. ನಾನು ನಮ್ಮ ಕೊಡಗಿನ ದೇವರು ಇಗ್ಗುತಪ್ಪನನ್ನು ನೆನೆದೆ. ಹೊಡೆದರೆ ಯಾರ ಮೇಲೆ ಬೀಳುತ್ತದೋ ಎನ್ನುವ ಭಯ ಒಂದು, ಹೊಡೆಯದಿದ್ದರೆ ಊರ ಮುಂದೆ ಅವರ ಮರ್ಯಾದೆ ಏನಾಗುತ್ತದೋ ಎನ್ನುವ ಸಂಕಟ ಇನ್ನೊಂದು. ಅವರು ಬಂದೂಕು ಭುಜಕ್ಕೆ ಏರಿಸಲಿಲ್ಲ. ನಳಿಗೆಯನ್ನು ನೆಲದ ಕಡೆಗೇ ಇಟ್ಟುಕೊಂಡು ತಿರುಗಿ, ಮಗಳನ್ನು ಹೆಸರು ಹಿಡಿದು ಕರೆದರು. ಊರವರೆಲ್ಲರಿಗೂ ಕೇಳುವಂತೆ ಅರಬಿಯಲ್ಲಿ ಏನೋ ಹೇಳಿದರು. ಪಕ್ಕದಲ್ಲಿದ್ದ ಹೆಂಗಸು ನನಗೆ ಹಿಂದಿಯಲ್ಲಿ ಹೇಳಿದಳು: "ನನಗೆ ಕಲ್ಲು ಕಾಣೋದಿಲ್ಲ ಅಂತಿದ್ದಾರೆ."

ಮದುಮಗಳು ತಲೆವಸ್ತ್ರ ಬಿಗಿದುಕೊಂಡು ಗಂಡಸರ ಸಾಲನ್ನು ದಾಟಿ ಹೋದಳು. ಚಿಕ್ಕಂದಿನಲ್ಲಿ ಅಪ್ಪನೇ ಕಲಿಸಿದ್ದ ಗುರಿಯಂತೆ. ನಿಂತಳು, ಹೊಡೆದಳು. ಗುಡ್ಡದಲ್ಲಿ ಧೂಳೆದ್ದಿತು. ಮುದುಕರೆಲ್ಲ ತಾಗಿತು ತಾಗಿತು ಎಂದು ಕೂಗಿ ಚಪ್ಪಾಳೆ ತಟ್ಟಿದರು. ಚಾಚಾ ಅವರತ್ತ ತಿರುಗಲೇ ಇಲ್ಲ. ತಾಗಿತೇ ಎಂದು ಮಗಳನ್ನು ಕೇಳಿದರು, ಪಕ್ಕದ ಹೆಂಗಸು ನನಗೆ ಹಿಂದಿಗೆ ತಿರುಗಿಸುತ್ತಲೇ ಇದ್ದಳು.

ಇಲ್ಲ ಬಾಬಾ, ಎಡಕ್ಕೆ ಹೋಯಿತು ಎಂದಳು ಅವಳು.

ಚಾಚಾ ಮೆಲ್ಲನೆ ನಕ್ಕರು. ಅವಳ ತಲೆಯ ಮೇಲೆ ಕೈಯಿಟ್ಟು ಏನೋ ಕೇಳಿದರು, ಅವಳು ಅಲ್ಲೇ ಅಳತೊಡಗಿದಳು. ಏನಂದರು ಎಂದು ಪಕ್ಕದ ಹೆಂಗಸಿನ ಭುಜ ಅಲುಗಿಸಿ ಕೇಳಿದೆ. ನನ್ನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ ಆಮೇಲೆ ಸಲಾಲಾಕ್ಕೆ ಹೊರಡುತ್ತೀಯಾ ಎಂದು ಕೇಳಿದರಂತೆ.