ಅಮ್ಮ ರೇಡಿಯೋದಲ್ಲಿ ಹಾಡಿದ ದಿನ

ವಿದ್ಯಾನಗರದ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಬೆಳಿಗ್ಗೆ ರೇಡಿಯೋ ಹಾಕಿರುತ್ತಾರೆ. ಆಯಾ ದಿನ ಸಂಗೀತಲೋಕದಲ್ಲಿ ಹಿಂದೆ ಏನೇನು ನಡೆದಿತ್ತು ಎಂದು ಹೇಳುವ ಕಾರ್ಯಕ್ರಮವೊಂದುಂಟು. ಯಾವ ಗಾಯಕ ಹುಟ್ಟಿದ್ದು, ಯಾವ ರೆಕಾರ್ಡು ಮೊದಲು ಹೊರಬಂದದ್ದು, ಹೀಗೆ. ನನ್ನ ಹುಟ್ಟುಹಬ್ಬದ ಮರುದಿನ ಮಾತ್ರ ನಾನದನ್ನು ಕಿವಿಗೊಟ್ಟು ಕೇಳುತ್ತೇನೆ, ನಮ್ಮ ಸುದ್ದಿ ಅದರಲ್ಲಿ ಬರುವುದಿಲ್ಲವೆಂದು ಗೊತ್ತಿದ್ದೂ. ಅಮ್ಮ ಮಂಗಳೂರಿಗೆ ಹೋಗಿ ರೇಡಿಯೋದಲ್ಲಿ ಹಾಡಿದ್ದು ಆ ದಿನ.

ನಾವಾಗ ಕಾರಡ್ಕದಲ್ಲಿದ್ದೆವು. ಮದುವೆಗೆ ಮೊದಲು ಅಮ್ಮ ಸಂಗೀತ ಕಲಿತಿದ್ದಳು. ಆಮೇಲೆ ಹಾಡುತ್ತಿದ್ದದ್ದು ನವರಾತ್ರಿಯ ಭಜನೆಯಲ್ಲಿ, ಎಲ್ಲರ ಜೊತೆಗೆ. ರೇಡಿಯೋದವರು ಹಾಡಲು ಕರೆದ ಮೇಲೆ ದನದ ಹಟ್ಟಿಯ ಹಿಂದೆ ನಿಂತು ಸಣ್ಣ ಸ್ವರದಲ್ಲಿ ಅಭ್ಯಾಸ ಮಾಡುತ್ತಿದ್ದಳು. ಹತ್ತಿರ ಹೋದರೆ ನಿಲ್ಲಿಸಿಬಿಡುವಳು. ಕೇಳುವುದಾದರೆ ರೇಡಿಯೋದಲ್ಲೇ ಕೇಳಬೇಕು ಎನ್ನುವಳು.

ಆ ದಿನ ಅವಳು ನನ್ನ ಸೋದರಮಾವನೊಡನೆ ಮೊದಲ ಬಸ್ಸಿಗೆ ಹೊರಟಳು. ನಮ್ಮಲ್ಲಿ ರೇಡಿಯೋ ಇರಲಿಲ್ಲ. ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ನನ್ನನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದ. ರೇಡಿಯೋದಲ್ಲಿ ಅಮ್ಮನ ಹೆಸರು ಹೇಳಿದರು, ಶ್ರುತಿ ಕೇಳಿಸಿತು. ಅಮ್ಮನ ಸ್ವರ ಬಂತು. ಅವಳಿಗಿಂತ ತುಂಬ ಚಿಕ್ಕವಳು ಯಾರೋ ಹಾಡುತ್ತಿದ್ದಾಳೆ ಅನಿಸಿತು. ಒಂದು ಸಾಲು ಮುಗಿದು ಎರಡನೆಯದಕ್ಕೆ ಹೋಗುವಾಗ ಕರೆಂಟು ಹೋಯಿತು. ಪಕ್ಕದ ಮನೆಯವರು ಸ್ವಿಚ್ಚು ಒತ್ತಿ ಒತ್ತಿ ನೋಡಿದರು. ಅಪ್ಪ ಅಂಗಳಕ್ಕಿಳಿದು ಲೈಟುಕಂಬವನ್ನೇ ನೋಡುತ್ತ ನಿಂತುಬಿಟ್ಟ.

ಸಂಜೆ ಬಂದವಳು ಚಪ್ಪಲಿ ಕಳಚುವ ಮೊದಲೇ ಹೇಗಿತ್ತೆಂದು ಕೇಳಿದಳು.

"ಭಾರಿ ಲಾಯ್ಕ ಇತ್ತು," ಎಂದ ಅಪ್ಪ.

ಅಮ್ಮ ನಕ್ಕು ಸೀರೆ ಬದಲಿಸಲು ಒಳಗೆ ಹೋದಳು. ರೇಡಿಯೋದವರು ಮತ್ತೆ ಅವಳನ್ನು ಕರೆಯಲಿಲ್ಲ. ಅವಳೂ ವಿಚಾರಿಸಲಿಲ್ಲ.

ಅಪ್ಪ ತೀರಿಕೊಂಡ ಎಷ್ಟೋ ಸಮಯದ ನಂತರ ಅಮ್ಮ, ಅವತ್ತೇ ತನಗೆ ಎಲ್ಲ ಗೊತ್ತಾಗಿತ್ತು ಎಂದಳು. ಬರುವಾಗ ಬಸ್ಸಿನಿಂದ ನೋಡಿದರೆ ಅಕ್ಕಿಮಿಲ್ಲು ನಿಂತಿತ್ತಂತೆ. ಬೆಳಿಗ್ಗೆಯೇ ಹೋದ ಕರೆಂಟು ಇನ್ನೂ ಬಂದಿಲ್ಲವೆಂದು ಕಂಡಕ್ಟರ್ ಹೇಳಿದನಂತೆ. ಅಪ್ಪನ ಮುಖ ನೋಡಿ ಸುಮ್ಮನಾದಳಂತೆ. ಆ ಹಾಡು ಎಲ್ಲಾದರೂ ಸಿಕ್ಕೀತೇ ಎಂದು ನಾನು ರೇಡಿಯೋದವರಲ್ಲಿ ವಿಚಾರಿಸಿಯೂ ನೋಡಿದೆ. ನೇರ ಪ್ರಸಾರವಾದದ್ದು, ಧ್ವನಿಮುದ್ರಣ ಇಲ್ಲ ಎಂದರು.

ಅಮ್ಮ ಈಗ ನನ್ನ ಜೊತೆಗೇ ಇದ್ದಾಳೆ. ಈ ವರ್ಷ ಆ ದಿನ ಆಫೀಸಿನಿಂದ ಬಂದು, ಆ ಹಾಡನ್ನು ನನಗೊಮ್ಮೆ ಪೂರ್ತಿ ಹಾಡಿ ತೋರಿಸು ಎಂದೆ. ಅವಳು ಬಸಳೆ ಬಿಡಿಸುತ್ತಿದ್ದಳು. ಗಂಟಲು ಸರಿಮಾಡಿಕೊಂಡಳು, ಬಾಯಿ ತೆರೆದಳು, ಆಮೇಲೆ ತಲೆಯಾಡಿಸಿದಳು.

"ಅದು ಅವತ್ತಿನ ಸ್ವರ. ಈಗ ಎಲ್ಲಿಂದ ತರುವುದು ಮಗಳೇ?"

ಇನ್ನೊಂದು ಬಸಳೆ ದಂಟು ಎತ್ತಿಕೊಂಡಳು. ಆಮೇಲೆ ಅವಳೇ ಕೇಳಿದಳು. "ಹಾಡುವ ಮೊದಲು ರೇಡಿಯೋದವರು ನನ್ನ ಹೆಸರು ಹೇಗೆ ಹೇಳಿದರು? ಗಾಜಿನ ಆಚೆ ಇದ್ದರು, ನನಗೆ ಕೇಳಲಿಲ್ಲ."

ನಾನು ನೆಟ್ಟಗೆ ಕುಳಿತು, ರೇಡಿಯೋದವರ ಹಾಗೆ ನಿಧಾನವಾಗಿ ಮೊದಲು ಊರು, ಆಮೇಲೆ ಅವಳ ಹೆಸರು ಹೇಳಿದೆ. ಬಸಳೆ ಹಿಡಿದ ಕೈ ನಿಂತಿತ್ತು.

"ಇನ್ನೊಮ್ಮೆ ಹೇಳು," ಎಂದಳು.