ಓರೆಯಾದ ಕುಂಡ

ನನಗಾಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮಾಲು ಆರಿಸುವ ಕೆಲಸ. ಹೆಂಚಿನ ಜೊತೆಗೆ ಬಂಗಲೆಗಳ ತೋಟಕ್ಕೆಂದು ಅಲ್ಲಿ ಹೂಕುಂಡಗಳನ್ನೂ ಅಚ್ಚಿನಲ್ಲಿ ಒತ್ತಿ ತೆಗೆಯುತ್ತಿದ್ದರು. ಸುಟ್ಟು ಹೊರಬಂದ ಕುಂಡಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಸೀಳು ಬಿಟ್ಟದ್ದು, ಸೊಟ್ಟಗಾದದ್ದು, ಬಣ್ಣ ಕೆಟ್ಟದ್ದನ್ನು ನಾನು ಬೇರೆ ಹಾಕಬೇಕು. ಕೆಲಸ ಸುಲಭವೆಂದೇ ಸೇರಿದ್ದೆ.

ಸೇರಿದ ಹೊಸತರಲ್ಲಿ ಒಂದು ದಿನ ಬಂದ ಕುಂಡಗಳಲ್ಲೆಲ್ಲ ಅಂಚಿನ ಕೆಳಗೆ, ಒಂದೇ ಜಾಗದಲ್ಲಿ, ಉಗುರಿನಷ್ಟು ಕಚ್ಚು ಕಾಣಿಸಿತು. ನಾನು ಅಷ್ಟನ್ನೂ ತಳ್ಳಿಬಿಟ್ಟೆ. ಮ್ಯಾನೇಜರು ಓಡಿ ಬಂದರು.

"ಏನ್ರೀ ಇದು, ಒಂದೂ ಉಳಿಸ್ಲಿಲ್ಲವಲ್ಲ?"

"ಎಲ್ಲದರಲ್ಲೂ ಕಚ್ಚು ಇದೆ ಸಾರ್."

"ಎಲ್ಲದ್ರಲ್ಲೂ ಇದ್ರೆ ತಪ್ಪು ಹೇಗಾಗುತ್ತೆ? ಒಂದ್ರಲ್ಲಿ ಇದ್ದು ಇನ್ನೊಂದ್ರಲ್ಲಿ ಇಲ್ದಿದ್ರೆ ಅದು ತಪ್ಪು. ಅಚ್ಚಿಗೆ ಏಟು ಬಿದ್ದಿದೆ, ಅಷ್ಟೆ. ವಾಪಸ್ ಹಾಕಿ."

ವಾಪಸ್ ಹಾಕಿದೆ. ಆದರೆ ಅವರು ಹೇಳಿದ್ದು ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ. ಅಂದಿನಿಂದ ಯಾವ ಕುಂಡ ಕೈಗೆತ್ತಿಕೊಂಡರೂ ಮೊದಲಿನಂತೆ ಧೈರ್ಯವಾಗಿ ಒಂದು ಕಡೆಗೆ ಇಡಲು ಆಗುತ್ತಿರಲಿಲ್ಲ.

ಕೋಲಾರದಲ್ಲಿ ನನ್ನ ಸೋದರಮಾವನ ಪಕ್ಕದ ಮನೆಯಲ್ಲಿ ಒಬ್ಬರು ವಿಧುರರಿದ್ದರು. ಬಹಳ ಕಾಲ ರಂಗೂನಿನ ಮರದ ಡಿಪೋ ಒಂದರಲ್ಲಿ ಕೆಲಸ ಮಾಡಿ, ಯುದ್ಧ ಅಲ್ಲಿಗೆ ಮುಟ್ಟುವ ಮೊದಲೇ ಊರು ಸೇರಿಕೊಂಡಿದ್ದರು. ಬೀದಿಯವರೆಲ್ಲ ಅವರನ್ನು ರಂಗೂನಿನವರು ಎಂದೇ ಕರೆಯುತ್ತಿದ್ದರು. ಅಲ್ಲಿನ ಚೀನೀಯರ ಅಂಗಳಗಳಲ್ಲಿ ನೋಡಿ ಕಲಿತದ್ದಂತೆ, ತಟ್ಟೆಯಷ್ಟೇ ಆಳದ ಕುಂಡಗಳಲ್ಲಿ ಅವರು ಆಲ, ಹುಣಸೆ, ಅತ್ತಿ ಗಿಡಗಳನ್ನು ಕತ್ತರಿಸಿ, ತಂತಿ ಸುತ್ತಿ, ಗೇಣುದ್ದದ ಮುದಿ ಮರಗಳಾಗಿ ಬೆಳೆಸುತ್ತಿದ್ದರು. ಬೋನ್ಸಾಯ್ ಎಂಬ ಮಾತು ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಕುಳ್ಳ ಮರ ಅನ್ನುತ್ತಿದ್ದೆವು.

ಒಂದು ಭಾನುವಾರ ಮಾವನ ಮನೆಗೆ ಹೋಗಿದ್ದಾಗ ಅವರು ನನ್ನನ್ನು ಕರೆಸಿದರು. ಜಗಲಿಯ ಮೇಲೆ ಹನ್ನೆರಡು ಆಳವಿಲ್ಲದ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಆರು ನಮ್ಮ ಕಾರ್ಖಾನೆಯವು. ಇನ್ನಾರು ಮುಳಬಾಗಿಲ ಕಡೆ, ಆವನಿಯ ಹತ್ತಿರದ ಒಂದು ಹಳ್ಳಿಯ ಮುದುಕ ಕುಂಬಾರ ಕೈಯಲ್ಲಿ ಮಾಡಿದವು.

"ನೀನು ಇದೇ ಕೆಲಸದವನಲ್ವೇನಯ್ಯಾ, ಕೆಟ್ಟದ್ದು ಯಾವುದು ತೋರಿಸು," ಅಂದರು.

ಕಾರ್ಖಾನೆಯ ಆರರಲ್ಲೂ ಆ ಕಚ್ಚು ಇತ್ತು. ಅವನ್ನು ಇದ್ದಲ್ಲೇ ಬಿಟ್ಟೆ. ಕುಂಬಾರನ ಕುಂಡಗಳಲ್ಲಿ ಐದು ಚೆನ್ನಾಗಿದ್ದವು. ಆರನೆಯದು ಒಂದು ಕಡೆಗೆ ವಾಲಿತ್ತು. ಅಂಚು ಆ ಪಕ್ಕಕ್ಕೆ ದಪ್ಪವಾಗಿ, ಈ ಪಕ್ಕಕ್ಕೆ ತೆಳ್ಳಗೆ ಇಳಿದಿತ್ತು. ಅದನ್ನು ಎತ್ತಿ ಬೇರೆ ಇಟ್ಟೆ.

ಅವರು ಗಟ್ಟಿಯಾಗಿ ನಕ್ಕರು. "ನಿನ್ನ ಕಣ್ಣು ಚೆನ್ನಾಗಿದೆ. ಬುದ್ಧಿ ಮಾತ್ರ ಕಾರ್ಖಾನೆಯದು. ನಂಗೆ ಬೇಕಾಗಿರೋದೇ ಅದು. ಗಾಳಿಗೆ ಬಗ್ಗಿದ ಮರಕ್ಕೆ ಇಂಥದ್ದೇ ಕುಂಡ ಬೇಕು. ಆ ಮುದುಕ ಬೇಕಂತಲೇ ಹಾಗೆ ಮಾಡಿದ್ದಾನೆ, ನೋಡು." ಅಂದೇ, ನನ್ನೆದುರಿಗೇ, ತಮ್ಮಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಹುಣಸೆ ಗಿಡವನ್ನು ಅದರಲ್ಲಿ ನೆಟ್ಟರು. ನೆಟ್ಟಾದ ಮೇಲೆ ನೋಡಿದರೆ ನಿಜಕ್ಕೂ ಚೆಂದವಾಗಿಯೇ ಇತ್ತು. ಹಾಗಾದರೆ ನಾನು ಬೇರೆ ಇಟ್ಟದ್ದು ತಪ್ಪೇ? ಅದೂ ತಿಳಿಯಲಿಲ್ಲ.

ಮುಳಬಾಗಿಲಿನಲ್ಲಿ ನನ್ನ ಅಕ್ಕನ ಮನೆ. ಮುಂದಿನ ವಾರ ಅಲ್ಲಿಗೆ ಹೋಗುವವನಿದ್ದೆ. ಹೋದಾಗ ಕುಂಬಾರನನ್ನು ಕಂಡು, ಅಂಥದ್ದೇ ವಾಲಿದ ಕುಂಡ ಇನ್ನು ನಾಲ್ಕು ಮಾಡಿಕೊಡಲು ಹೇಳು ಎಂದು ರಂಗೂನಿನವರು ಹೇಳಿ ಕಳಿಸಿದರು.

ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು, ದಾರಿಯಲ್ಲಿ ಎರಡು ಸಲ ನಿಂತಿತು. ಹಳ್ಳಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಕುಂಬಾರ ಮನೆಯ ಮುಂದಿನ ಹೊಂಗೆಯ ನೆರಳಲ್ಲಿ ಕೂತು ಮಣ್ಣು ಮಿದಿಯುತ್ತಿದ್ದ. ಎಪ್ಪತ್ತರ ಆಸುಪಾಸು. ಪಕ್ಕದಲ್ಲಿ ಅವನ ಹೆಂಡತಿ, ಹಸಿ ಮಡಕೆಯೊಂದರ ಒಳಗೆ ಗುಂಡುಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತಿದ್ದಳು. ಅವರಿಬ್ಬರೂ ತಮ್ಮೊಳಗೆ ತೆಲುಗಿನಲ್ಲೇ ಮಾತಾಡಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಕನ್ನಡಕ್ಕೆ ಬಂದರು.

ನಾನು ಮಾಲೂರಿನ ಕಾರ್ಖಾನೆಯವನೆಂದು ತಿಳಿಸಿ, ಬಂದ ಕೆಲಸ ಹೇಳಿದೆ. ಮುದುಕನ ಕೈ ನಿಂತಿತು.

"ವಾಲಿರೋದಾ? ನಾನು ಮಾಡಿದ್ದಾ ಸಾಮಿ?"

"ಹೌದು ತಾತಾ. ಅವರಿಗೆ ಬಹಳ ಹಿಡಿಸಿದೆ. ಮರ ನೆಟ್ಟು ಜಗಲಿ ಮೇಲೆ ಇಟ್ಟಿದ್ದಾರೆ. ಬಂದೋರಿಗೆಲ್ಲ ತೋರಿಸ್ತಾರೆ."

"ಬಂದೋರಿಗೆಲ್ಲಾನಾ?" ಅವನ ಮುಖ ಕಪ್ಪಿಟ್ಟಿತು. "ಅಯ್ಯೋ, ಅದನ್ನ ತಂದ್ಬಿಡಿ ಸಾಮಿ. ಒಂದಕ್ಕೆ ಎರಡು ಕೊಡ್ತೀನಿ. ನಮ್ಮಪ್ಪನ ಕಾಲ್ದಿಂದ ಇದೇ ಕಸುಬು ಮಾಡ್ತಿದೀವಿ, ಸೊಟ್ಟ ಮಡಕೆ ನಮ್ಮ ಬಾಗಿಲು ದಾಟಿಲ್ಲ. ಅದು ಹೆಂಗೆ ಹೋಯ್ತು?"

ಕೈಯ ಮಣ್ಣು ಒರೆಸಿಕೊಂಡು ಮತ್ತೆ ಕೇಳಿದ: "ನೀವು ಕಾರ್ಖಾನೆಯೋರು, ದಿನಾ ಇದೇ ನೋಡ್ತೀರಿ. ನಿಜ ಹೇಳಿ. ಅದು ಕೈ ತಪ್ಪೋ, ಆವಿಗೇಲಿ ಬೆಂಕಿ ಒಂದೇ ಕಡೆ ಜಾಸ್ತಿಯಾಗಿ ಬಾಗಿದ್ದೋ?"

ಆವಿಗೆ ಎಂದರೆ ಮಡಕೆ ಸುಡುವ ಗೂಡು. ಬೆಂಕಿಗೆ ಬಾಗಿದ್ದಾದರೆ ಅಂಚಿನ ದಪ್ಪ ಹೆಚ್ಚುಕಡಿಮೆ ಆಗುವುದಿಲ್ಲ. ಅದು ತಿಗರಿಯ ಮೇಲೆ, ಚಕ್ರ ತಿರುಗುವಾಗಲೇ ಆದದ್ದು ಎಂದು ನನಗೆ ಗೊತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವನ ಹಿಂದೆ ಕೂತಿದ್ದ ಮುದುಕಿ ನನ್ನನ್ನೇ ನೋಡುತ್ತ ಬೇಡ ಎಂಬಂತೆ ತಲೆಯಾಡಿಸಿದಳು. ತನ್ನ ಎರಡು ಕಣ್ಣಿನ ಮೇಲೂ ಬೆರಳಿಟ್ಟು, ಅವನ ಕಡೆಗೆ ಸನ್ನೆ ಮಾಡಿದಳು. ನಾನಾಗ ಅವನ ಕಣ್ಣು ನೋಡಿದೆ. ಎರಡರಲ್ಲೂ ಗಂಜಿಯಂಥ ಬಿಳುಪು.

"ಆವಿಗೇದೇ ತಾತಾ," ಅಂದೆ. "ಬೆಂಕಿ ಒಂದು ಕಡೆ ಜಾಸ್ತಿಯಾಗಿದೆ."

ಅವನು ಉಸಿರು ಬಿಟ್ಟ. "ಹಂಗನ್ನಿ ಮತ್ತೆ," ಎಂದು ಮಣ್ಣಿಗೆ ಕೈ ಹಾಕಿದ.

ಮುದುಕಿ ಬೇಲಿಯ ತನಕ ಬಂದಳು. "ಪುಣ್ಯಾತ್ಮ ಕಣಪ್ಪಾ ನೀನು. ಆರು ತಿಂಗಳಿಂದ ಕಣ್ಣು ಮಂಜು. ಯಾರಿಗೂ ಹೇಳ್ಬ್ಯಾಡ," ಅಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಕೋಲಾರಕ್ಕೆ ಬಂದು, ಕುಂಬಾರ ಆ ಕುಂಡ ವಾಪಸ್ ಕೇಳುತ್ತಾನೆ ಎಂದಷ್ಟೇ ಹೇಳಿದೆ. ರಂಗೂನಿನವರು ಒಪ್ಪಲಿಲ್ಲ. "ಅವನಿಗೆ ತನ್ನ ಕೆಲಸದ ಬೆಲೆ ಗೊತ್ತಿಲ್ಲ," ಅಂದರು. ಮುದುಕಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ನಾನು ಕಾರಣ ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ಅಕ್ಕನ ಮನೆಗೆ ಮತ್ತೆ ಹೋದಾಗ ಕಾಲು ತಾನಾಗಿ ಆ ಹಳ್ಳಿಯ ಕಡೆ ನಡೆಯಿತು. ಕುಂಬಾರನ ಹಿತ್ತಿಲಲ್ಲಿ ಹಳೆಯ ಆವಿಗೆ ಇರಲಿಲ್ಲ. ಅದನ್ನು ಕೆಡವಿ, ಸ್ವಲ್ಪ ಆಚೆಗೆ ಹೊಸದು ಕಟ್ಟಿದ್ದರು. ಮುದುಕಿಯ ಬಲಗೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ತೂಗುಹಾಕಿದ್ದರು. ಕಲ್ಲು ಹೊರುವಾಗ ಭುಜ ಉಳುಕಿತಂತೆ. ಗೋಡೆಯ ಬದಿಗೆ ಹೊಸ ಆವಿಗೆಯಿಂದ ತೆಗೆದ ಮಡಕೆಗಳಿದ್ದವು. ಅವುಗಳಲ್ಲಿ ಅರ್ಧಕ್ಕರ್ಧ ವಾಲಿದ್ದವು.

ಮುದುಕಿ ನನ್ನನ್ನು ಬೈಯಲಿಲ್ಲ. ತಾನೇ ಹೇಳಿಸಿದ ಸುಳ್ಳಲ್ಲವೆ? ಆದರೂ ನನಗೆ ಅವಳ ಕೈ ನೋಡಲು ಆಗಲಿಲ್ಲ. ಮುದುಕನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಹೇಳಿಬಿಟ್ಟೆ.

"ತಾತಾ, ಅವತ್ತು ನಾನು ಹೇಳಿದ್ದು ಸುಳ್ಳು. ಅದು ಆವಿಗೆ ತಪ್ಪಲ್ಲ."

"ಗೊತ್ತಿತ್ತು ಸಾಮಿ."

"ಗೊತ್ತಿತ್ತಾ? ಮತ್ತೆ ಯಾಕೆ ಕೆಡವಿದ್ರಿ?"

ಅವನು ಒಂದು ಮಡಕೆ ಎತ್ತಿಕೊಂಡು ಅಂಚಿನ ಸುತ್ತ ಹೆಬ್ಬೆರಳು ಓಡಿಸಿದ. "ಅದೂ ಹಳೇದಾಗಿತ್ತು. ಕಟ್ಟಬೇಕಾಗೇ ಇತ್ತು. ನೀವು ಹಂಗಂದ್ರಲ್ಲ, ಇನ್ನೊಂದು ಸಲ ನೋಡೇ ಬಿಡಾನ ಅನ್ನಿಸ್ತು," ಅಂದ.

ಆವಿಗೆ ನಿಜಕ್ಕೂ ಹಳೆಯದಾಗಿತ್ತೋ, ನನ್ನ ಮನಸ್ಸಿಗೆ ನೋವಾಗದಿರಲೆಂದು ಹಾಗೆ ಹೇಳಿದನೋ, ಇಲ್ಲ ನನ್ನ ಮಾತನ್ನು ಪೂರಾ ನಂಬಿದ್ದನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯೋ, ನನಗೆ ಇಂದಿಗೂ ಗೊತ್ತಾಗಿಲ್ಲ.

ಕೋಲಾರಕ್ಕೆ ಹೋದವನೇ ರಂಗೂನಿನವರಿಗೆ ಎಲ್ಲ ಹೇಳಿದೆ. ಅವರು ಎದ್ದು ಜಗಲಿಗೆ ಹೋದರು. ಆಮೇಲೆ ಹುಣಸೆ ಗಿಡವನ್ನು ಬೇರಿನ ಸಮೇತ ಎಬ್ಬಿಸಿ ನಮ್ಮ ಕಾರ್ಖಾನೆಯ ಕುಂಡವೊಂದಕ್ಕೆ ಹಾಕಿದರು. ಓರೆ ಕುಂಡವನ್ನು ತೊಳೆದು ಟವೆಲಿನಲ್ಲಿ ಸುತ್ತಿ, "ನಡಿ, ಕೊಟ್ಟು ಬರೋಣ," ಅಂದರು. ಬಸ್ಸಿನಲ್ಲಿ ಉದ್ದಕ್ಕೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಮುದುಕ ಅದನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ ಎಂದೇ ಅವರ ಎಣಿಕೆ ಇತ್ತೆಂದು ಕಾಣುತ್ತದೆ.

ಮುದುಕ ಕುಂಡವನ್ನು ಎರಡು ಕೈಯಲ್ಲೂ ತೆಗೆದುಕೊಂಡ. ಒಳಗೊಮ್ಮೆ ಹೊರಗೊಮ್ಮೆ ಬೆರಳಾಡಿಸಿದ. "ಇದೇ," ಅಂದವನೇ ಒರಳುಕಲ್ಲಿನ ಮೇಲೆ ಕುಕ್ಕಿದ. ಮೂರು ಹೋಳಾಯಿತು. ದೊಡ್ಡ ಹೋಳನ್ನು ಎತ್ತಿ ಇನ್ನೊಮ್ಮೆ ಕುಕ್ಕಿದ. ರಂಗೂನಿನವರು ಒಂದು ಹೆಜ್ಜೆ ಮುಂದೆ ಹೋಗಿ ಹಾಗೆಯೇ ನಿಂತುಬಿಟ್ಟರು.

"ನೆಳ್ಳಿಗೆ ಬನ್ನಿ ಸಾಮಿ," ಅಂದ ಮುದುಕ, ಹಗುರಾದ ದನಿಯಲ್ಲಿ. "ಮಜ್ಜಿಗೆ ಕುಡ್ಕೊಂಡು ಹೋಗಿ."

ಇಬ್ಬರೂ ಕುಡಿದೆವು. ಮುದುಕಿ ಹೋಳುಗಳನ್ನು ಎಡಗೈಯಲ್ಲೇ ಆರಿಸಿ ಮೊರಕ್ಕೆ ಹಾಕಿಕೊಂಡಳು.

ವಾಪಸ್ಸು ಬರುವಾಗ ರಂಗೂನಿನವರು ಕಿಟಕಿಯ ಕಡೆ ಮುಖ ಮಾಡಿ ಕೇಳಿದರು, "ಅದು ಕೊನೆಗೂ ಅವನ ಕುಂಡವೇ ಅಲ್ವೇನಯ್ಯಾ?"

"ನೀವು ಕೊಂಡಿದ್ರಿ ಸಾರ್, ನಿಮ್ಮದೇ ಆಗಿತ್ತು," ಅಂದೆ. ಆಮೇಲೆ, "ಆ ತಾತನದ್ದೂ ಹೌದೇನೋ," ಅಂದೆ.

ಮುದುಕ ಮತ್ತೆ ತಿಗರಿಯ ಮುಂದೆ ಕೂರಲಿಲ್ಲ. ಮಣ್ಣು ಹದ ಮಾಡಿ ಕೊಡುತ್ತಿದ್ದ. ಭುಜ ವಾಸಿಯಾದ ಮೇಲೆ ಮುದುಕಿ ತಿಗರಿಯಿಲ್ಲದೆ, ಕೈಯಲ್ಲೇ ತಟ್ಟಿ ತಟ್ಟಿ ಆಳವಿಲ್ಲದ ಕುಂಡಗಳನ್ನು ಮಾಡಿದಳು. ರಂಗೂನಿನವರು ಬದುಕಿರುವವರೆಗೂ ಅವಳಿಂದಲೇ ತರಿಸಿಕೊಂಡರು. ಅವಳ ಕುಂಡದಲ್ಲಿ ಎಲ್ಲಿ ನೋಡಿದರೂ ಹಲಗೆಯೇಟಿನ ಗುರುತುಗಳು. ಒಂದು ಸಲ ಅವನ್ನು ತರಲು ನಾನೇ ಹೋದಾಗ, ಈ ಗುರುತುಗಳು ಇರಬೇಕಾದವೇ ಎಂದು ಅವಳನ್ನು ಕೇಳಿದೆ.

"ತಟ್ಟಿದ್ರೆ ಗುರುತು ಬೀಳಲ್ವೇನಪ್ಪಾ?" ಎಂದು ಅವಳು ನನ್ನನ್ನೇ ಕೇಳಿದಳು.